ಬೇಸಿಗೆ ರಜೆಗೆ ಸೆಂಟೋಸಾ: ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ ಕುರಿತು ಹೆತ್ತವರಿಗೊಂದು ವಿಮರ್ಶೆ

ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬವು ಮೊದಲ ಸಲ ವಿದೇಶದ ಥೀಮ್ ಪಾರ್ಕ್ ಒಂದನ್ನು ನೋಡಲು ಹೊರಟರೆ ಸಿಂಗಪುರದ ಸೆಂಟೋಸಾ ದ್ವೀಪದಲ್ಲಿರುವ ಯೂನಿವರ್ಸಲ್ ಸ್ಟುಡಿಯೋಸ್ ಒಳ್ಳೆಯ ಆಯ್ಕೆಯೇ ಎಂದು ಬೆಂಗಳೂರಿನ ಗೆಳತಿಯರು ಕೇಳಿದಾಗಲೆಲ್ಲ ನಾನು ಹೌದೆನ್ನುತ್ತೇನೆ, ಆದರೆ ಜೊತೆಯಲ್ಲೇ ಎರಡು ಷರತ್ತುಗಳನ್ನೂ ಹೇಳುತ್ತೇನೆ. ಹೋಗುವ ವಾರವನ್ನು ನಮ್ಮ ಶಾಲೆಯ ರಜೆಯನ್ನಷ್ಟೇ ನೋಡಿ ಗೊತ್ತುಮಾಡದೆ ಸಿಂಗಪುರದ ಶಾಲೆಗಳ ರಜೆಯನ್ನೂ ನೋಡಿ ಗೊತ್ತುಮಾಡಬೇಕು. ಪಾರ್ಕಿನೊಳಗಿನ ದಿನವನ್ನು ಮನೆಯ ಎಲ್ಲರಿಗಿಂತ ಕಿರಿಯ ಮಗುವಿನ ಎತ್ತರವನ್ನು ಅಳೆದ ನಂತರವೇ ಯೋಜಿಸಬೇಕು. ಈ ಎರಡನ್ನು ಮಾಡಿದವರಿಗೆ ಪಾರ್ಕು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಮಾಡದೆ ಹೋದವರು ಮರಳಿ ಬಂದು ಹೇಳುವ ದೂರುಗಳನ್ನು ಕೇಳಿದರೆ, ಅವುಗಳಲ್ಲಿ ಮುಕ್ಕಾಲು ಪಾಲು ಪಾರ್ಕಿನ ಮೇಲಿನ ದೂರುಗಳೇ ಅಲ್ಲ ಎಂಬುದು ತಿಳಿಯುತ್ತದೆ.

ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್ 10ರ ಆಸುಪಾಸಿನಲ್ಲಿ ಫಲಿತಾಂಶ ಹೇಳಿ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕೊನೆಯಲ್ಲಿ. ಸಿಂಗಪುರದಲ್ಲಿ ಶಾಲಾ ವರ್ಷ ಜನವರಿಯಲ್ಲಿ ಆರಂಭವಾಗುತ್ತದೆ. ಅಲ್ಲಿನ ಮಕ್ಕಳಿಗೆ ಮಾರ್ಚ್‌ನಲ್ಲಿ ಒಂದು ವಾರ, ಮೇ ಕೊನೆಯ ವಾರಾಂತ್ಯದಿಂದ ಜೂನ್ ಕೊನೆಯವರೆಗೆ ಸುಮಾರು ನಾಲ್ಕು ವಾರ, ಸೆಪ್ಟೆಂಬರ್‌ನಲ್ಲಿ ಒಂದು ವಾರ, ನವೆಂಬರ್ ಮಧ್ಯಭಾಗ ಕಳೆದ ಮೇಲೆ ವರ್ಷಾಂತ್ಯದವರೆಗೆ ಸುಮಾರು ಆರು ವಾರ ರಜೆ. ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಬೇಸಿಗೆ ರಜೆಯ ಹೆಚ್ಚುಪಾಲು ದಿನಗಳಲ್ಲಿ ಅಲ್ಲಿನ ಮಕ್ಕಳು ತರಗತಿಯಲ್ಲಿರುತ್ತಾರೆ. ವಿದೇಶದ ಪಾರ್ಕುಗಳ ಲೆಕ್ಕದಲ್ಲಿ ಇದು ನಮಗೆ ಸಿಕ್ಕಿರುವ ಅಪರೂಪದ ಅನುಕೂಲ. ಆದರೂ ನಾನು ಕಂಡ ಬಹಳಷ್ಟು ಪ್ರವಾಸ ಪಟ್ಟಿಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ.

ಹಾಗೆಂದು ಈ ಅವಧಿಯ ಎಲ್ಲ ದಿನಗಳೂ ಒಂದೇ ತೆರನಾಗಿರುವುದಿಲ್ಲ. ಗುಡ್ ಫ್ರೈಡೆಯ ವಾರಾಂತ್ಯ, ಮೇ 1ರ ಕಾರ್ಮಿಕ ದಿನ ಮತ್ತು ವೆಸಾಕ್ ಎಂದು ಅಲ್ಲಿ ಕರೆಯುವ ಬುದ್ಧ ಪೂರ್ಣಿಮೆಯ ರಜೆಗಳನ್ನು ಬಿಡಬೇಕು. ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನಲ್ಲಿ ಸಾಲು ರಜೆ ಇರುತ್ತದೆ, ಚೀನಾದಲ್ಲಿಯೂ ಮೇ ಮೊದಲ ವಾರದಲ್ಲಿ ರಜೆ ಇರುತ್ತದೆ, ಆ ಜನರಲ್ಲಿ ಒಂದು ಭಾಗ ಸಿಂಗಪುರಕ್ಕೇ ಬರುತ್ತದೆ. ಇವನ್ನೆಲ್ಲ ಕಳೆದರೆ ಉಳಿಯುವ ಒಳ್ಳೆಯ ದಿನಗಳೆಂದರೆ ಏಪ್ರಿಲ್ ಉತ್ತರಾರ್ಧ ಹಾಗೂ ಮೇ ಎರಡು ಮತ್ತು ಮೂರನೆಯ ವಾರಗಳ ಮಂಗಳವಾರ, ಬುಧವಾರ, ಗುರುವಾರಗಳು. ಈ ದಿನಗಳಲ್ಲಿ ಪಾರ್ಕಿನಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಹಿಂದಿ, ಗುಜರಾತಿ, ತೆಲುಗು, ತಮಿಳು ಮತ್ತು ಆಗೊಮ್ಮೆ ಈಗೊಮ್ಮೆ ನಮ್ಮದೇ ಮಾತು. ಏಕೆಂದರೆ ಭಾರತದ ಉಳಿದ ರಾಜ್ಯಗಳ ಶಾಲೆಗಳಿಗೂ ಆಗಲೇ ರಜೆ. ಅದೇ ಕಾರಣಕ್ಕೆ ಪಾರ್ಕಿನ ಸಾಲು ಚಿಕ್ಕದಾಗಿದ್ದರೂ ವಿಮಾನದ ದರ ಮಾತ್ರ ಅಗ್ಗವಾಗಿರುವುದಿಲ್ಲ. ವಿಮಾನದವರು ನೋಡುವುದು ನಮ್ಮ ರಜೆಯನ್ನು, ಸಾಲನ್ನು ಬೆಳೆಸುವುದು ಸಿಂಗಪುರದವರ ರಜೆ. ಹಾಗಾಗಿ ಟಿಕೆಟನ್ನು ಜನವರಿ, ಫೆಬ್ರವರಿಯಲ್ಲೇ ಕಾಯ್ದಿರಿಸಿಕೊಳ್ಳುವುದು ಲೇಸು.

ದಸರಾ ರಜೆಯನ್ನು ನಾನು ಅಷ್ಟಾಗಿ ಶಿಫಾರಸು ಮಾಡುವುದಿಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಚೀನಾದ ರಾಷ್ಟ್ರೀಯ ದಿನದ ದೀರ್ಘ ರಜೆ ಬರುತ್ತದೆ. ಅದಲ್ಲದೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ ಆಯ್ದ ರಾತ್ರಿಗಳಲ್ಲಿ ಹ್ಯಾಲೋವೀನ್ ಹಾರರ್ ನೈಟ್ಸ್ ಎಂಬ ಪ್ರತ್ಯೇಕ ಟಿಕೆಟ್ಟಿನ ಭೂತಪ್ರೇತಗಳ ಕಾರ್ಯಕ್ರಮವಿರುತ್ತದೆ; ಅದು ಚಿಕ್ಕ ಮಕ್ಕಳಿಗೆ ಹೇಳಿಸಿದ್ದಲ್ಲ, ಆ ದಿನಗಳಲ್ಲಿ ಹಗಲಿನ ಪ್ರೇಕ್ಷಕರ ಸಮಯಕ್ಕೂ ಕತ್ತರಿ ಬೀಳಬಹುದು. ಕ್ರಿಸ್‌ಮಸ್ ರಜೆಯಂತೂ ಬೇಡವೇ ಬೇಡ. ಅಲ್ಲಿನ ಶಾಲೆಗಳಿಗೂ ಆಗ ದೊಡ್ಡ ರಜೆ, ಈಶಾನ್ಯ ಮಾರುತದ ಮಳೆಯೂ ಆಗಲೇ, ಹೋಟೆಲುಗಳ ದರವೂ ಆಗ ಮೇಲೇರಿರುತ್ತದೆ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಕೆಲವು ಹೆತ್ತವರು ಚಳಿಗಾಲದ ರಜೆಯಲ್ಲೇ ಹೋಗಬೇಕೆಂದು ಹಟ ಹಿಡಿಯುವುದನ್ನು ಕಂಡಿದ್ದೇನೆ. ದೀಪಾಲಂಕಾರ ಚೆನ್ನಾಗಿರುತ್ತದೆ ಎಂಬುದೊಂದನ್ನು ಬಿಟ್ಟು ಅದಕ್ಕೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಇನ್ನು ಪಾರ್ಕಿನ ಬಗ್ಗೆ. 2010ರ ಮಾರ್ಚ್‌ನಲ್ಲಿ ಜನರಿಗೆ ತೆರೆದು, 2011ರ ಮೇ ತಿಂಗಳಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ಪಾರ್ಕು ರೆಸಾರ್ಟ್ಸ್ ವರ್ಲ್ಡ್ ಸೆಂಟೋಸಾ ಎಂಬ ದೊಡ್ಡ ಸಂಕೀರ್ಣದ ಒಂದು ಭಾಗ. ಇದರ ವಿಸ್ತಾರ ಸುಮಾರು 49 ಎಕರೆ. ನಮ್ಮ ಬಿಡದಿಯ ವಂಡರ್‌ಲಾ 82 ಎಕರೆ ಎಂದರೆ ಅನೇಕರು ನಂಬುವುದಿಲ್ಲ, ಆದರೆ ಮಕ್ಕಳೊಂದಿಗೆ ಹೋಗುವವರಿಗೆ ಈ ಚಿಕ್ಕತನವೇ ವರ. ನಡುವೆ ಒಂದು ಕೊಳ, ಅದರ ಸುತ್ತ ಒಂದರ ಪಕ್ಕ ಒಂದರಂತೆ ಹಾಲಿವುಡ್, ನ್ಯೂಯಾರ್ಕ್, ಸೈ-ಫೈ ಸಿಟಿ, ಏನ್ಶಿಯಂಟ್ ಈಜಿಪ್ಟ್, ಲಾಸ್ಟ್ ವರ್ಲ್ಡ್, ಫಾರ್ ಫಾರ್ ಅವೇ ಮತ್ತು ಮಿನಿಯನ್ ಲ್ಯಾಂಡ್ ಎಂಬ ಏಳು ವಲಯಗಳು. ಯಾವ ಮೂಲೆಯಲ್ಲಿದ್ದರೂ ಬೇರೆ ಮೂಲೆಗೆ ಸ್ವಲ್ಪ ಹೊತ್ತಿನಲ್ಲಿ ನಡೆದು ಹೋಗಬಹುದು, ಅಜ್ಜಿಯನ್ನು ಒಂದು ಕಡೆ ನೆರಳಿನಲ್ಲಿ ಕೂರಿಸಿ ಮಕ್ಕಳನ್ನು ಇನ್ನೊಂದು ಕಡೆ ಕರೆದೊಯ್ದರೂ ಯಾರೂ ತಪ್ಪಿಹೋಗುವ ಭಯವಿಲ್ಲ. ಈ ಪಟ್ಟಿಯಲ್ಲಿ ಮಿನಿಯನ್ ಲ್ಯಾಂಡ್ ಹೊಸತು. ಹಿಂದೆ ಮಡಗಾಸ್ಕರ್ ವಲಯವಿದ್ದ ಜಾಗದಲ್ಲಿ ಅದು 2025ರ ಫೆಬ್ರವರಿ 14ರಂದು ಆರಂಭವಾಯಿತು. ಹಳೆಯ ನಕ್ಷೆಯನ್ನು ಅಂಟಿಸಿಕೊಂಡಿರುವ ಪ್ರವಾಸ ಪಟ್ಟಿಗಳಲ್ಲಿ ಇನ್ನೂ ಮಡಗಾಸ್ಕರ್ ಕಂಡರೆ ಆ ಪಟ್ಟಿ ಎಷ್ಟು ಹಳತು ಎಂಬುದನ್ನು ಲೆಕ್ಕ ಹಾಕಿಕೊಳ್ಳಿ.

ಎತ್ತರದ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಕ್ಕಳು ಅಳುವುದು ಇಲ್ಲಿಯೇ. ರೈಡ್‌ಗಳಿಗೆ ಪ್ರವೇಶ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಬಾಗಿಲಲ್ಲಿ ನಿಲ್ಲಿಸಿರುವ ಅಳತೆ ಪಟ್ಟಿಯಿಂದ. ಒಂದು ಸೆಂಟಿಮೀಟರ್ ಕಡಿಮೆಯಿದ್ದರೂ ಸಿಬ್ಬಂದಿ ನಗುನಗುತ್ತಲೇ ವಾಪಸು ಕಳುಹಿಸುತ್ತಾರೆ, ಅಲ್ಲಿ ನಮ್ಮ ಯಾವ ವಿನಂತಿಯೂ ನಡೆಯುವುದಿಲ್ಲ, ನಡೆಯಲೂಬಾರದು. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಎಂಬ ಜೋಡಿ ರೋಲರ್ ಕೋಸ್ಟರ್‌ಗೆ 125 ಸೆಂಟಿಮೀಟರ್ ಬೇಕು. ಕತ್ತಲಲ್ಲಿ ಓಡುವ ರಿವೆಂಜ್ ಆಫ್ ದ ಮಮ್ಮಿಗೆ 122. ಜುರಾಸಿಕ್ ಪಾರ್ಕ್ ರ‍್ಯಾಪಿಡ್ಸ್ ಅಡ್ವೆಂಚರ್ ಎಂಬ ನೀರಿನ ಪಯಣಕ್ಕೆ 107, ಟ್ರಾನ್ಸ್‌ಫಾರ್ಮರ್ಸ್‌ಗೆ 102, ಪುಸ್ ಇನ್ ಬೂಟ್ಸ್‌ಗೆ 100, ಕ್ಯಾನೊಪಿ ಫ್ಲೈಯರ್ ಮತ್ತು ಎನ್‌ಚಾಂಟೆಡ್ ಏರ್‌ವೇಸ್‌ಗೆ 92. ಈ ಕೊನೆಯ ಗುಂಪಿನ ರೈಡ್‌ಗಳಲ್ಲಿ ಎತ್ತರ ಸಾಲುವ ಚಿಕ್ಕ ಮಕ್ಕಳೂ ದೊಡ್ಡವರ ಜೊತೆಯಲ್ಲಿಯೇ ಕೂರಬೇಕು. ಟಿಕೆಟ್ ಕೊಳ್ಳುವ ಮುನ್ನ ಪಾರ್ಕಿನ ಜಾಲತಾಣದಲ್ಲಿ ಪ್ರತಿ ರೈಡ್‌ನ ಪುಟದಲ್ಲಿರುವ ಅಳತೆಯನ್ನು ಮತ್ತೊಮ್ಮೆ ನೋಡಿಕೊಂಡು, ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ನಿಲ್ಲಿಸಿ ಅಳೆಯಿರಿ.

ಅಳೆದ ನಂತರ ಏನು ಮಾಡಬೇಕೆಂಬುದು ಮುಖ್ಯ. 92 ಸೆಂಟಿಮೀಟರ್‌ಗಿಂತ ಗಿಡ್ಡ ಮಕ್ಕಳಿಗೆ ಸೆಸಮಿ ಸ್ಟ್ರೀಟ್‌ನ ಸ್ಪಾಗೆಟಿ ಸ್ಪೇಸ್ ಚೇಸ್, ಈಜಿಪ್ಟ್ ವಲಯದ ಟ್ರೆಷರ್ ಹಂಟರ್ಸ್ ಜೀಪುಗಳು, ಮಿನಿಯನ್ನರ ತಿರುಗುಣಿ ಮತ್ತು ವೇಷಧಾರಿಗಳ ಜೊತೆಗಿನ ಫೋಟೊಗಳಷ್ಟೇ ಉಳಿಯುತ್ತವೆ. ಇದಕ್ಕಾಗಿ ವಿದೇಶಕ್ಕೆ ಹೋಗಬೇಕೆ ಎಂದು ನಾನಾಗಿದ್ದರೆ ಎರಡು ಸಲ ಯೋಚಿಸುತ್ತೇನೆ. 107ರಿಂದ 121ರವರೆಗಿನ ಮಕ್ಕಳು, ಅಂದರೆ ಹೆಚ್ಚುಕಡಿಮೆ ಒಂದರಿಂದ ಮೂರನೆಯ ತರಗತಿಯವರು, ಈ ಪಾರ್ಕಿನಲ್ಲಿ ಅತಿ ಹೆಚ್ಚು ಸುಖಪಡುವ ಗುಂಪು ಎಂಬುದು ನನ್ನ ಅಂದಾಜು: ಟ್ರಾನ್ಸ್‌ಫಾರ್ಮರ್ಸ್, ನೀರಿನ ರೈಡ್, ಪುಸ್ ಇನ್ ಬೂಟ್ಸ್ ಎಲ್ಲವೂ ಅವರಿಗೆ ದಕ್ಕುತ್ತವೆ, ತಪ್ಪಿಹೋಗುವ ಎರಡು ರೈಡ್‌ಗಳ ಬಗ್ಗೆ ಅವರಿಗೆ ಹಂಬಲಕ್ಕಿಂತ ಹೆದರಿಕೆಯೇ ಹೆಚ್ಚಿರುತ್ತದೆ. 122 ದಾಟಿದ ಕೂಡಲೇ ಮಮ್ಮಿ ರೈಡ್‌ಗೆ ಹತ್ತಿಸಬಹುದೆಂದೇನೂ ಇಲ್ಲ. ಅದು ಗವ್ವೆನ್ನುವ ಕತ್ತಲಲ್ಲಿ ಮುಂದಕ್ಕೆ ನುಗ್ಗಿ, ನಿಂತು, ಮತ್ತೆ ಹಿಮ್ಮುಖವಾಗಿ ಓಡುತ್ತದೆ. ಎತ್ತರ ಸಾಕಷ್ಟಿದ್ದ ನಮ್ಮ ಮಗಳು ಅದರಿಂದ ಇಳಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ, ಆದರೆ ಬ್ಯಾಟಲ್‌ಸ್ಟಾರ್‌ನಲ್ಲಿ ಮತ್ತೆ ಮತ್ತೆ ಹೋಗೋಣವೆಂದಳು. ಯಾವ ಮಗುವಿಗೆ ಕತ್ತಲಿನ ಭಯ, ಯಾವುದಕ್ಕೆ ಎತ್ತರದ ಭಯ ಎಂಬುದು ಮೊದಲೇ ತಿಳಿದಿರಬೇಕಾದರೆ ಪ್ರವಾಸಕ್ಕೆ ಮುಂಚೆ ಒಂದು ದಿನ ವಂಡರ್‌ಲಾಕ್ಕೆ ಕರೆದೊಯ್ದು ನೋಡುವುದು ಖರ್ಚಿನ ದೃಷ್ಟಿಯಿಂದಲೂ ಜಾಣತನ.

ಬ್ಯಾಟಲ್‌ಸ್ಟಾರ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಲೇಬೇಕು. ಕೆಂಪು ಹಳಿಯ ಮೇಲೆ ಕುಳಿತು ಹೋಗುವ ಹ್ಯೂಮನ್, ನೀಲಿ ಹಳಿಗೆ ತೂಗುಬಿದ್ದು ಕಾಲು ಇಳಿಬಿಟ್ಟು ಹೋಗುವ ಸೈಲಾನ್ ಎಂಬ ಎರಡು ಕೋಸ್ಟರ್‌ಗಳು ಒಟ್ಟಿಗೆ ಹೊರಟು, ಒಂದಕ್ಕೊಂದು ಡಿಕ್ಕಿ ಹೊಡೆಯುವಷ್ಟು ಹತ್ತಿರ ಬಂದು ದೂರ ಸರಿಯುವಂತೆ ಇದನ್ನು ರೂಪಿಸಲಾಗಿದೆ. ಎತ್ತರ 42.5 ಮೀಟರ್. ತಲೆಕೆಳಗಾಗುವ ತಿರುವುಗಳಿರುವುದು ಸೈಲಾನ್‌ನಲ್ಲಿ. ಹ್ಯೂಮನ್‌ನಲ್ಲಿ ವೇಗವಿದೆ, ತಲೆಕೆಳಗು ಇಲ್ಲ. ಮೊದಲ ಸಲ ಹತ್ತುವ ಮಕ್ಕಳನ್ನು ಹ್ಯೂಮನ್‌ಗೇ ಕರೆದೊಯ್ಯಿರಿ. 2013ರಿಂದ 2015ರವರೆಗೆ ಮುಚ್ಚಿದ್ದ ಈ ರೈಡ್ ಮತ್ತೆ ತೆರೆದಾಗ ಸಾಲಿಗೆ ನಾಲ್ಕರ ಬದಲು ಎರಡೇ ಆಸನಗಳಾದವು, ಸರದಿ ನಿಧಾನವಾಗಿ ಸರಿಯುವುದಕ್ಕೆ ಅದೂ ಒಂದು ಕಾರಣ.

ರೈಡ್‌ಗಳ ಕ್ರಮವನ್ನು ನಿರ್ಧರಿಸುವುದು ಹವಾಮಾನ. ಏಪ್ರಿಲ್, ಮೇ ತಿಂಗಳುಗಳು ಸಿಂಗಪುರದಲ್ಲಿ ಎರಡು ಮಾರುತಗಳ ನಡುವಿನ ಕಾಲ. ಬೆಳಿಗ್ಗೆ ಮೈಯೆಲ್ಲ ಅಂಟುಅಂಟಾಗುವ ಮಂಗಳೂರಿನಂಥ ಸೆಕೆ, ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಗುಡುಗು ಮಿಂಚಿನ ಮಳೆ. ಮಿಂಚಿನ ಎಚ್ಚರಿಕೆ ಬಂದ ಕ್ಷಣವೇ ಬಯಲಿನ ರೈಡ್‌ಗಳನ್ನೆಲ್ಲ ನಿಲ್ಲಿಸಿಬಿಡುತ್ತಾರೆ, ಮತ್ತೆ ಯಾವಾಗ ಆರಂಭವೆಂದು ಸಿಬ್ಬಂದಿಯೂ ಹೇಳಲಾರರು. ಆದ್ದರಿಂದ ಬಾಗಿಲು ತೆರೆದೊಡನೆ ಬಯಲಿನಲ್ಲಿರುವ ಬ್ಯಾಟಲ್‌ಸ್ಟಾರ್, ಕ್ಯಾನೊಪಿ ಫ್ಲೈಯರ್, ಎನ್‌ಚಾಂಟೆಡ್ ಏರ್‌ವೇಸ್, ಪುಸ್ ಇನ್ ಬೂಟ್ಸ್‌ಗಳನ್ನು ಮುಗಿಸಿ, ಊಟಕ್ಕೆ ಮೊದಲು ನೀರಿನ ರೈಡ್‌ನಲ್ಲಿ ತೊಯ್ದು ಬಟ್ಟೆ ಬದಲಿಸಿ, ಮಳೆಯ ಹೊತ್ತನ್ನು ಸೂರಿನಡಿಯ ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ, ಸ್ಪಾಗೆಟಿ ಸ್ಪೇಸ್ ಚೇಸ್ ಮತ್ತು ಚಿತ್ರೀಕರಣದ ಚಂಡಮಾರುತವನ್ನು ತೋರಿಸುವ ಲೈಟ್ಸ್ ಕ್ಯಾಮೆರಾ ಆ್ಯಕ್ಷನ್‌ಗೆ ಇಟ್ಟುಕೊಳ್ಳಬೇಕು. ಟ್ರಾನ್ಸ್‌ಫಾರ್ಮರ್ಸ್ ಬಾಗಿಲಿಗೆ ಸಮೀಪವಿರುವುದರಿಂದ ಬೆಳಿಗ್ಗೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಆ ಓಟದಲ್ಲಿ ಸೇರದಿರುವುದೇ ಮೇಲು. ವಾಟರ್‌ವರ್ಲ್ಡ್ ಪ್ರದರ್ಶನಕ್ಕೆ ನಿಗದಿತ ವೇಳೆಗಳಿವೆ, ಮುಂದಿನ ಸಾಲುಗಳಲ್ಲಿ ಕುಳಿತವರ ಮೇಲೆ ನಟರೇ ನೀರೆರಚುತ್ತಾರೆ. ಸಾಹಸ ದೃಶ್ಯಗಳ ಮಟ್ಟ ನಿಜಕ್ಕೂ ಮೇಲಿನದು. ಯಾವ ರೈಡ್‌ಗೂ ಹತ್ತದ ನಮ್ಮ ಅತ್ತೆಯವರು ಇಡೀ ಪಾರ್ಕಿನಲ್ಲಿ ಮೆಚ್ಚಿ ಎರಡನೆಯ ಸಲ ನೋಡೋಣವೆಂದದ್ದು ಅದೊಂದನ್ನೇ.

ಚಿಕ್ಕ ಮಗುವಿರುವ ದಂಪತಿ ಕೇಳಿ ತಿಳಿದುಕೊಳ್ಳಬೇಕಾದ ಸೌಲಭ್ಯವೊಂದಿದೆ: ಎತ್ತರ ಸಾಲದ ಮಗುವಿನೊಂದಿಗೆ ಒಬ್ಬರು ಕಾದು, ಇನ್ನೊಬ್ಬರು ರೈಡ್ ಮುಗಿಸಿ ಬಂದ ಮೇಲೆ ಮೊದಲಿನವರು ಮತ್ತೆ ಸಾಲಿನಲ್ಲಿ ನಿಲ್ಲದೆ ಹತ್ತಬಹುದು. ಸರದಿಯ ಆರಂಭದಲ್ಲಿ ನಿಂತ ಸಿಬ್ಬಂದಿಗೆ ಹೇಳಿದರೆ ವ್ಯವಸ್ಥೆ ಮಾಡುತ್ತಾರೆ, ತಾವಾಗಿ ಹೇಳುವುದು ಕಡಿಮೆ. ಹರೆಯದ ಮಕ್ಕಳಿದ್ದರೆ ಒಂಟಿ ಸವಾರರ ಸಾಲು ಇನ್ನೊಂದು ಉಪಾಯ. ಜೊತೆಯಲ್ಲಿ ಕೂರಬೇಕೆಂಬ ಹಟವಿಲ್ಲದಿದ್ದರೆ ಕಾಯುವ ಹೊತ್ತು ಗಮನಾರ್ಹವಾಗಿ ತಗ್ಗುತ್ತದೆ.

ರೈಡ್‌ಗಳ ಸಾಲಿನಲ್ಲಿ ಕಾಯುವ ಹೊತ್ತನ್ನು ತಗ್ಗಿಸುವ ಎಕ್ಸ್‌ಪ್ರೆಸ್ ಪಾಸ್ ಬೇಕೇ ಎಂಬುದು ಎಲ್ಲರ ಪ್ರಶ್ನೆ. ಮೊದಲಿಗೆ, ಅದು ಪ್ರವೇಶ ಟಿಕೆಟ್ ಅಲ್ಲ, ಪ್ರವೇಶದ ಮೇಲೆ ಪ್ರತ್ಯೇಕವಾಗಿ ಕೊಳ್ಳಬೇಕಾದದ್ದು. ಒಂದೊಂದು ರೈಡ್‌ಗೆ ಒಂದು ಸಲ ಮಾತ್ರ ಬಳಸಬಹುದಾದ ಪಾಸ್ ಒಂದು, ಎಷ್ಟು ಸಲವಾದರೂ ಬಳಸಬಹುದಾದದ್ದು ಇನ್ನೊಂದು. ದಿನದ ದಟ್ಟಣೆಗೆ ತಕ್ಕಂತೆ ಬೆಲೆ ಏರಿಳಿಯುತ್ತದೆ, ಕಿಕ್ಕಿರಿದ ದಿನಗಳಲ್ಲಿ ಪ್ರವೇಶದ ಬೆಲೆಯನ್ನೇ ಸರಿಗಟ್ಟುವ ಅಥವಾ ಮೀರುವ ಸಂದರ್ಭಗಳೂ ಉಂಟು. ನಾನು ಮೇಲೆ ಹೇಳಿದ ವಾರದ ನಡುವಿನ ದಿನಗಳಲ್ಲಿ ಹೋಗಿ, ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದರೆ ಅದು ಅನಗತ್ಯ ಖರ್ಚು. ಶನಿವಾರ, ಭಾನುವಾರ ಅಥವಾ ಜೂನ್ ರಜೆಯಲ್ಲಿ ಹೋಗುವುದು ಅನಿವಾರ್ಯವಾದರೆ ಒಂದು ಸಲದ ಪಾಸ್ ಕೊಳ್ಳಬಹುದು. ಎತ್ತರ ಸಾಲದ ಮಗುವಿಗೆ ಪಾಸ್ ಕೊಂಡರೆ ಹಣ ನೀರಿಗೆ ಹಾಕಿದಂತೆಯೇ, ಏಕೆಂದರೆ ಪಾಸ್ ಉಪಯೋಗಕ್ಕೆ ಬರುವ ದೊಡ್ಡ ರೈಡ್‌ಗಳಿಗೇ ಆ ಮಗುವಿಗೆ ಪ್ರವೇಶವಿಲ್ಲ. ನಾಲ್ವರ ಕುಟುಂಬಕ್ಕೆ ನಾಲ್ಕು ಪಾಸ್ ಎಂದು ಕಣ್ಣುಮುಚ್ಚಿ ಸೇರಿಸಿಬಿಡುವ ಪ್ಯಾಕೇಜುಗಳನ್ನು ಈ ಕಾರಣಕ್ಕೆ ಪ್ರಶ್ನಿಸಬೇಕು.

ಪ್ಯಾಕೇಜುಗಳ ಮಾತು ಬಂದದ್ದರಿಂದ ಹೇಳುತ್ತೇನೆ. ನಮಗೆ ಬಂದ ಒಂದು ಪ್ರವಾಸ ಪಟ್ಟಿಯಲ್ಲಿ ಸಿಂಗಪುರಕ್ಕೆ ಬಂದಿಳಿದ ದಿನವೇ ಯೂನಿವರ್ಸಲ್ ಸ್ಟುಡಿಯೋಸ್ ಎಂದು ಬರೆದಿತ್ತು. ಹೋಟೆಲಿನಿಂದ ವ್ಯಾನು ಹೊರಡುವುದು ಹತ್ತೂವರೆಗೆ, ಸಂಜೆ ಐದಕ್ಕೆ ಎಲ್ಲರೂ ಪಾರ್ಕಿನ ಬಾಗಿಲ ಮುಂದಿರುವ ಯೂನಿವರ್ಸಲ್ ಗೋಳದ ಬಳಿ ಸೇರಬೇಕು. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಹನ್ನೊಂದರ ಸುಮಾರಿಗೆ ಹೊರಟು ಬೆಳಿಗ್ಗೆ ಆರಕ್ಕೆ ಇಳಿಯುವ ವಿಮಾನ ಅನುಕೂಲಕರವೆಂದು ಕಂಡರೂ, ಇಳಿದಾಗ ಮಗುವಿನ ದೇಹಕ್ಕೆ ಅದು ಬೆಳಗಿನ ಜಾವ ಮೂರೂವರೆ ಗಂಟೆ. ಆ ನಿದ್ದೆಗಣ್ಣಿನ ಮಗುವನ್ನು ಅದೇ ದಿನ ಬಿಸಿಲಿನ ಸಾಲಿನಲ್ಲಿ ನಿಲ್ಲಿಸಿದರೆ ಆಗುವುದನ್ನು ವಿವರಿಸಬೇಕಾಗಿಲ್ಲ. ಪಾರ್ಕನ್ನು ಎರಡನೆಯ ಅಥವಾ ಮೂರನೆಯ ದಿನಕ್ಕೆ ಇಡಿ. ಎರಡೂವರೆ ಗಂಟೆಯ ವ್ಯತ್ಯಾಸದಿಂದ ಮಕ್ಕಳು ಬೆಳಿಗ್ಗೆ ಏಳಲು ತಕರಾರು ಮಾಡುತ್ತಾರೆ, ರಾತ್ರಿ ಹತ್ತಾದರೂ ಅವರಿಗೆ ಏಳೂವರೆಯ ಉತ್ಸಾಹವಿರುತ್ತದೆ. ಮೊದಲ ದಿನವನ್ನು ಈಜುಕೊಳ, ಉದ್ಯಾನಗಳಲ್ಲಿ ಹಗುರವಾಗಿ ಕಳೆದರೆ ಮರುದಿನ ಇದು ಒಂದಿಷ್ಟು ಸರಿಹೋಗುತ್ತದೆ. ವಿಮಾನ, ಹೋಟೆಲು, ವೀಸಾಗಳನ್ನು ಏಜೆಂಟರಿಗೆ ವಹಿಸಿ ಪಾರ್ಕಿನ ದಿನವನ್ನು ಮಾತ್ರ ನಾವೇ ಇಟ್ಟುಕೊಂಡದ್ದು ಈ ಪ್ರವಾಸದಲ್ಲಿ ಕೈಗೊಂಡ ಅತ್ಯುತ್ತಮ ನಿರ್ಧಾರವೆಂದು ನನಗೆ ಅನಿಸುತ್ತದೆ.

ವ್ಯಾನಿನ ಅಗತ್ಯವೇ ಇಲ್ಲದಿರುವುದಕ್ಕೆ ಕಾರಣ ಸಿಂಗಪುರದ ಮೆಟ್ರೊ. ಲಿಟಲ್ ಇಂಡಿಯಾ ಅಥವಾ ಅದರ ಮುಂದಿನ ಫ್ಯಾರರ್ ಪಾರ್ಕ್ ನಿಲ್ದಾಣದ ಬಳಿ ಉಳಿದುಕೊಂಡರೆ ನಾರ್ತ್ ಈಸ್ಟ್ ಲೈನಿನ ರೈಲು ಎಲ್ಲಿಯೂ ಬದಲಿಸದೆ ಹಾರ್ಬರ್‌ಫ್ರಂಟ್ ನಿಲ್ದಾಣಕ್ಕೆ ತಲುಪಿಸುತ್ತದೆ. ಅಲ್ಲಿ ಮೇಲೆ ಬಂದರೆ ವಿವೋಸಿಟಿ ಮಾಲ್. ಅದರ ಮೂರನೆಯ ಹಂತದಿಂದ ಸೆಂಟೋಸಾ ಎಕ್ಸ್‌ಪ್ರೆಸ್ ಮೊನೊರೈಲು ಹೊರಡುತ್ತದೆ, ಮೊದಲ ನಿಲ್ದಾಣವಾದ ರೆಸಾರ್ಟ್ಸ್ ವರ್ಲ್ಡ್‌ನಲ್ಲಿ ಇಳಿದರೆ ಸಾಕು. ದ್ವೀಪಕ್ಕೆ ಹೋಗುವಾಗ 4 ಸಿಂಗಪುರ ಡಾಲರ್ ಶುಲ್ಕ, ಮರಳುವಾಗ ಶುಲ್ಕವಿಲ್ಲ. ಬಿಸಿಲೇರುವ ಮುನ್ನ ದ್ವೀಪಕ್ಕೆ ಹೋಗುವ ಬೋರ್ಡ್‌ವಾಕ್ ಎಂಬ ಕಾಲುದಾರಿಯ ಮೇಲೆ ನಡೆದು ಹೋದರೆ ಆ ಶುಲ್ಕವೂ ಇಲ್ಲ. ಸೆಂಟೋಸಾ ದ್ವೀಪದ ಹೋಟೆಲುಗಳು ಸುಂದರವಾಗಿವೆ, ಬಲು ದುಬಾರಿಯೂ ಹೌದು. ಪಾರ್ಕಿಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಅಲ್ಲಿ ಉಳಿಯುವ ಅಗತ್ಯ ನನಗೆ ಕಾಣಲಿಲ್ಲ.

ಲಿಟಲ್ ಇಂಡಿಯಾವನ್ನು ಸೂಚಿಸಲು ರೈಲಿಗಿಂತ ದೊಡ್ಡ ಕಾರಣ ಊಟ. ನಮ್ಮ ಲಾಲ್‌ಬಾಗ್ ರಸ್ತೆಯ ಎಂಟಿಆರ್ 2013ರಲ್ಲಿ ಸೆರಂಗೂನ್ ರಸ್ತೆಯಲ್ಲಿ ಶಾಖೆ ತೆರೆಯಿತು. ಅದೇ ರಸ್ತೆಯಲ್ಲಿ 1947ರಿಂದ ಕೋಮಲ ವಿಲಾಸ್ ಇದೆ. ಬೆಳಿಗ್ಗೆ ರವೆ ಇಡ್ಲಿ, ದೋಸೆ ತಿಂದು ಹೊರಟ ಮಕ್ಕಳು ಮಧ್ಯಾಹ್ನದವರೆಗೆ ಪಾರ್ಕಿನಲ್ಲಿ ಏನನ್ನೂ ಕೇಳುವುದಿಲ್ಲ, ಇದು ಹಣದ ದೃಷ್ಟಿಯಿಂದ ಸಣ್ಣ ಮಾತಲ್ಲ. ಪಾರ್ಕಿನೊಳಗೆ ಈಜಿಪ್ಟ್ ವಲಯದ ಓಯಸಿಸ್ ಸ್ಪೈಸ್ ಕೆಫೆಯಲ್ಲಿ ಭಾರತೀಯ ಊಟವೂ, ನ್ಯೂಯಾರ್ಕ್ ವಲಯದಲ್ಲಿ ಚೀಸ್ ಪಿಜ್ಜಾವೂ ಸಿಗುತ್ತವೆ. ಊಟ ತಿನ್ನಬಹುದು, ನೆನಪಿಟ್ಟುಕೊಳ್ಳುವಂಥದ್ದಲ್ಲ. ಮೊಟ್ಟೆಯನ್ನೂ ತಿನ್ನದವರು ಪ್ರತಿಯೊಂದನ್ನೂ ಬಿಡಿಸಿ ಕೇಳಬೇಕು, ಸಸ್ಯಾಹಾರ ಎಂಬುದನ್ನು ಎಲ್ಲರೂ ನಮ್ಮ ಅರ್ಥದಲ್ಲಿ ತೆಗೆದುಕೊಳ್ಳುವುದಿಲ್ಲ. ಹೊರಗಿನ ತಿಂಡಿ ತರಲು ಪಾರ್ಕಿನ ನಿಯಮ ಒಪ್ಪುವುದಿಲ್ಲ, ಆದರೆ ನೀರಿನ ಬಾಟಲಿ ಒಯ್ದು ಒಳಗೆ ತುಂಬಿಸಿಕೊಳ್ಳಬಹುದು. ಊರಿನ ಹೋಟೆಲುಗಳ ಬೆಲೆಪಟ್ಟಿಯಲ್ಲಿ ಬೆಲೆಯ ಪಕ್ಕ ಎರಡು ಕೂಡು ಗುರುತುಗಳಿದ್ದರೆ (++) 10 ಶೇಕಡಾ ಸೇವಾಶುಲ್ಕವೂ ಅದರ ಮೇಲೆ 9 ಶೇಕಡಾ ಜಿಎಸ್‌ಟಿಯೂ ಸೇರುತ್ತದೆ ಎಂದರ್ಥ. ಐದು ಜನರ ಊಟದ ಬಿಲ್ಲಿನಲ್ಲಿ ಈ ಗುರುತು ಚೆನ್ನಾಗಿಯೇ ಕಾಣಿಸಿಕೊಳ್ಳುತ್ತದೆ.

ಕಾಗದಪತ್ರಗಳ ವಿಷಯ ಬೇಗ ಮುಗಿಸುತ್ತೇನೆ. ಸಿಂಗಪುರಕ್ಕೆ ಭಾರತೀಯರೆಲ್ಲರಿಗೂ, ಕೂಸುಗಳಿಗೂ, ಮುಂಚಿತ ವೀಸಾ ಬೇಕು. ಅಧಿಕೃತ ವೀಸಾ ಏಜೆಂಟರ ಮೂಲಕ ಅರ್ಜಿ ಸಲ್ಲಿಸಬೇಕು. ಸರಕಾರಿ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರ ಸೇವಾಶುಲ್ಕ ಬೇರೆ. ಇಳಿಯುವ ದಿನಕ್ಕೆ ಮೂರು ದಿನಗಳೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆಗಮನದ ವಿವರಗಳ ನಮೂನೆಯನ್ನು ಜಾಲತಾಣದಲ್ಲಿ ಭರ್ತಿ ಮಾಡಬೇಕು, ಅದು ಸಂಪೂರ್ಣ ಉಚಿತ. ಇದಕ್ಕೆ ಹಣ ಕೇಳುವ ಜಾಲತಾಣ ಸರಕಾರದ್ದಲ್ಲ. ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಉಳಿದಿರಬೇಕು. ದೊಡ್ಡವರಿಗೆ 10 ವರ್ಷದ ಪಾಸ್‌ಪೋರ್ಟ್ ಸಿಕ್ಕರೆ ಚಿಕ್ಕ ಮಕ್ಕಳಿಗೆ ಸಿಗುವುದು 5 ವರ್ಷದ್ದು ಮಾತ್ರ, ಆದ್ದರಿಂದ ಮನೆಯಲ್ಲಿ ಮೊದಲು ಮುಗಿಯುವುದು ಮಕ್ಕಳದ್ದೇ. ಸಂಕ್ರಾಂತಿಯ ಹೊತ್ತಿಗೆ ತೆಗೆದು ನೋಡಿದರೆ ನವೀಕರಣಕ್ಕೆ ಸಮಯವಿರುತ್ತದೆ. ವಿದೇಶಿ ಪ್ರವಾಸ ಪ್ಯಾಕೇಜಿನ ಮೇಲೆ ಏಜೆಂಟರು ಮೂಲದಲ್ಲೇ ವಸೂಲು ಮಾಡುವ ಟಿಸಿಎಸ್ ಎಂಬ ತೆರಿಗೆಯ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು, ಅದಕ್ಕೆ ಯಾರ ಪ್ಯಾನ್ ಸಂಖ್ಯೆ ಕೊಡುತ್ತೀರಿ ಎಂಬುದನ್ನು ಯೋಚಿಸಿ ಕೊಡಿ.

ಪ್ರವೇಶ ಟಿಕೆಟ್ ದಿನಾಂಕಕ್ಕೆ ಕಟ್ಟುಬಿದ್ದದ್ದು. ದೊಡ್ಡವರಿಗೆ 80 ಸಿಂಗಪುರ ಡಾಲರ್ ಆಸುಪಾಸಿನಿಂದ ಮೇಲಕ್ಕೆ ಎಂದು ಲೆಕ್ಕವಿಟ್ಟುಕೊಂಡರೆ, 4ರಿಂದ 12 ವರ್ಷದವರಿಗೆ ಮಕ್ಕಳ ದರ, ನಾಲ್ಕು ತುಂಬದವರಿಗೆ ಉಚಿತ. ಮಕ್ಕಳ ದರ ದೊಡ್ಡವರ ದರದ ಅರ್ಧವಿರಬಹುದೆಂದು ಭಾವಿಸಬೇಡಿ, ರಿಯಾಯಿತಿ ಹೆಸರಿಗೆ ಮಾತ್ರ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಕುಟುಂಬಕ್ಕೆ ಪ್ರವೇಶವೊಂದೇ 20,000 ರೂಪಾಯಿ ದಾಟುತ್ತದೆ. ಪ್ರತಿ ದೊಡ್ಡ ರೈಡ್‌ನ ಹೊರದಾರಿ ಅಂಗಡಿಯ ಮೂಲಕವೇ ಹಾದುಹೋಗುವಂತೆ ಕಟ್ಟಿರುವುದರಿಂದ, ಮಕ್ಕಳ ಕೈಗೆ ಇಷ್ಟೇ ಡಾಲರ್ ಎಂದು ಬೆಳಿಗ್ಗೆಯೇ ಕೊಟ್ಟುಬಿಡುವುದು ನಮ್ಮ ಮನೆಯಲ್ಲಿ ಕೆಲಸ ಮಾಡಿದ ಉಪಾಯ. ಸ್ವಂತ ಹಣವೆಂದಾದಾಗ ನಮ್ಮ ಮಗ ಮಿನಿಯನ್ ಗೊಂಬೆಯ ಬೆಲೆಚೀಟಿಯನ್ನು ತಿರುಗಿಸಿ ನೋಡಿದ ಗಾಂಭೀರ್ಯ ನೋಡುವಂತಿತ್ತು.

ಪಾರ್ಕಿನ ಕೊರತೆಗಳೂ ಇವೆ. ಸಾಮಾನ್ಯ ದಿನಗಳಲ್ಲಿ ಸಂಜೆಯ ಹೊತ್ತಿಗೇ ಬಾಗಿಲು ಮುಚ್ಚುವುದರಿಂದ, ಡಿಸ್ನಿ ಪಾರ್ಕುಗಳಲ್ಲಿರುವಂತೆ ಕತ್ತಲಾದ ಮೇಲೆ ಕೋಟೆಯ ಮುಂದೆ ನಡೆಯುವ ದೀಪ, ಸಂಗೀತಗಳ ವೈಭವ ಇಲ್ಲಿ ದಿನನಿತ್ಯದ ಮಾತಲ್ಲ. 2011ರಲ್ಲಿ ಆರಂಭವಾದ ಟ್ರಾನ್ಸ್‌ಫಾರ್ಮರ್ಸ್ ಇಂದಿಗೂ ಇಲ್ಲಿನ ಅತ್ಯುತ್ತಮ ರೈಡ್ ಎಂದರೆ ಅದು ಹೊಗಳಿಕೆಯೂ ಹೌದು, ಅಷ್ಟು ವರ್ಷಗಳಲ್ಲಿ ಅದನ್ನು ಮೀರಿಸುವಂಥದ್ದು ಬಂದಿಲ್ಲ ಎಂಬ ಟೀಕೆಯೂ ಹೌದು. ಹಾಲಿವುಡ್ ಚಿತ್ರಗಳನ್ನು ನೋಡದ ಹಿರಿಯರಿಗೆ ಇಲ್ಲಿನ ಅರ್ಧದಷ್ಟು ಸಂಗತಿಗಳು ತಲೆಬುಡ ತಿಳಿಯುವುದಿಲ್ಲ. ಅವರಿಗೂ ಪೂರ್ಣ ಟಿಕೆಟ್ ಕೊಳ್ಳುವ ಬದಲು, ಪಕ್ಕದಲ್ಲೇ 2025ರ ಜುಲೈನಲ್ಲಿ ಹೊಸದಾಗಿ ತೆರೆದ ಸಿಂಗಪುರ್ ಓಷನೇರಿಯಮ್‌ಗೆ ಕರೆದೊಯ್ದರೆ ತಂಪಾದ ಕತ್ತಲಲ್ಲಿ ಮೀನುಗಳನ್ನು ನೋಡುತ್ತ ಅವರ ಹೊತ್ತು ಹೆಚ್ಚು ನೆಮ್ಮದಿಯಿಂದ ಹೋಗುತ್ತದೆ.

ಬೇರೆ ಪಾರ್ಕುಗಳೊಂದಿಗೆ ಹೋಲಿಸಿ ಕೇಳುವವರಿಗೆ ಇಷ್ಟು ಹೇಳಬಲ್ಲೆ. ದುಬೈಯ ಐಎಂಜಿ ವರ್ಲ್ಡ್ಸ್, ಅಬುಧಾಬಿಯ ವಾರ್ನರ್ ಬ್ರದರ್ಸ್ ವರ್ಲ್ಡ್‌ಗಳು ಪೂರ್ತಿ ಸೂರಿನಡಿ ಇರುವುದರಿಂದ ಮೇ ತಿಂಗಳ ಮರಳುಗಾಡಿನ ಬಿಸಿಲು ಒಳಗೆ ತಟ್ಟುವುದಿಲ್ಲ, ಆದರೆ ಪಾರ್ಕಿನಿಂದ ಹೊರಬಂದ ಮೇಲೆ ಮಕ್ಕಳೊಂದಿಗೆ ಊರು ಸುತ್ತುವುದು ಆ ತಿಂಗಳಲ್ಲಿ ಕಷ್ಟ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ 2005ರಿಂದ ಇದೆ, 2023ರ ನವೆಂಬರ್‌ನಲ್ಲಿ ಫ್ರೋಜನ್ ಚಿತ್ರದ ಇಡೀ ಊರೊಂದನ್ನೇ ಅಲ್ಲಿ ಕಟ್ಟಿದ್ದಾರೆ, ಭಾರತೀಯರಿಗೆ ವೀಸಾದ ಬದಲು ಜಾಲತಾಣದಲ್ಲಿ ಮಾಡಿಕೊಳ್ಳುವ ಉಚಿತ ಪೂರ್ವನೋಂದಣಿ ಸಾಕು. ಅಲ್ಲಿನ ಬಹುಪಾಲು ರೈಡ್‌ಗಳಿಗೆ ಎತ್ತರದ ಮಿತಿಯೇ ಇಲ್ಲ. ಮನೆಯ ಮಕ್ಕಳೆಲ್ಲರೂ ಇನ್ನೂ 100 ಸೆಂಟಿಮೀಟರ್‌ಗಿಂತ ಕೆಳಗಿದ್ದು, ಈ ವರ್ಷವೇ ಹೋಗಬೇಕೆಂದಿದ್ದರೆ ನಾನು ಸಿಂಗಪುರವನ್ನು ಬಿಟ್ಟು ಹಾಂಗ್‌ಕಾಂಗಿಗೇ ಟಿಕೆಟ್ ಮಾಡಿಸುತ್ತೇನೆ, ಮೇ ಮೊದಲ ವಾರವೊಂದನ್ನು ಬಿಟ್ಟು.